ಸ್ಪ್ರೇಯರ್ ಬ್ಯಾಟರಿ ಎರಡೇ ವರ್ಷಕ್ಕೆ ಕೈಕೊಡುವುದು ಯಾಕೆ?

ತೋಟದ ಮನೆ: ಬೆನ್ನಿಗೆ ಹಾಕುವ 16 ಲೀಟರ್ ಸ್ಪ್ರೇಯರ್. ಒಳಗಿರುವುದು 12 ವೋಲ್ಟ್, 8 ಎಎಚ್ (ಆಂಪಿಯರ್-ಅವರ್) ಲೆಡ್ ಆಸಿಡ್ ಬ್ಯಾಟರಿ. ಮೊದಲೆಲ್ಲ ಅರ್ಧ ದಿನ ಆರಾಮಾಗಿ ಔಷಧಿ ಹೊಡೆಯಬಹುದಿತ್ತು. ಈಗ ಎರಡನೇ ಟ್ಯಾಂಕ್ ಮುಗಿಯುವ ಮೊದಲೇ ಪಂಪ್ ಸದ್ದು ಇಳಿಯುತ್ತದೆ. ಚಾರ್ಜಿಗೆ ಹಾಕಿದರೆ ಅರ್ಧ ಗಂಟೆಗೇ ಹಸಿರು ದೀಪ!

ಬಯಲುಸೀಮೆ: ಈಗಿನ ಮಾಲೇ ಅಷ್ಟು ಬಿಡಿ. ಒಂದು ಸಲ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಿ, ಸರಿಹೋಗುತ್ತದೆ.

ರಿಪೇರಿ ಅಂಗಡಿ: ದಯವಿಟ್ಟು ಬೇಡ. ಆ ಮಾತು ಹಳೇ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯದು. ಲೆಡ್ ಆಸಿಡ್ 10.5 ವೋಲ್ಟ್‌ಗಿಂತ ಕೆಳಗೆ ಇಳಿಯಲೇಬಾರದು. ಖಾಲಿಯಾಗಿ ಕೂತರೆ ಪ್ಲೇಟ್ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗುತ್ತದೆ. ಆ ಭಾಗ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ವೋಲ್ಟೇಜ್ ಬೇಗ ಏರುತ್ತದೆ, ಚಾರ್ಜರ್ ತುಂಬಿತು ಅಂದುಕೊಳ್ಳುತ್ತದೆ. ಕೆಲಸ ಇಲ್ಲದಾಗ ಎಲ್ಲಿಡುತ್ತೀರಿ ಸರ್?

ತೋಟದ ಮನೆ: ಅಟ್ಟದ ಮೇಲೆ, ಶೀಟಿನ ಕೆಳಗೆ. ಮುಂದಿನ ಸೀಸನ್‌ವರೆಗೆ ಯಾರೂ ಮುಟ್ಟುವುದಿಲ್ಲ.

ರಿಪೇರಿ ಅಂಗಡಿ: ಸುಮ್ನೆ ಇಟ್ಟರೂ ಚಾರ್ಜ್ ಸೋರುತ್ತದೆ. ಸೆಖೆ 10 ಡಿಗ್ರಿ ಏರಿದರೆ ಸೋರುವುದು ಹೆಚ್ಚುಕಮ್ಮಿ ಎರಡು ಪಟ್ಟು. ನಮ್ಮ ಅಂಗಡಿಗೆ ಬರುವ ಸ್ಪ್ರೇಯರ್ ಬ್ಯಾಟರಿಗಳಲ್ಲಿ ದುಡಿದು ಸತ್ತಿದ್ದಕ್ಕಿಂತ ಕೂತು ಸತ್ತಿದ್ದೇ ಜಾಸ್ತಿ.

ಕಾಳುಮೆಣಸು: ಅಣ್ಣ, ಬ್ಯಾಟರಿ ತಲೆಗೇ ಕಟ್ಟಬೇಡಿ. ಪಿನ್ ಬಿಚ್ಚಿ ನೋಡಿದ್ದಾರಾ? ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ತೊಟ್ಟಿಕ್ಕಿ ಹಸಿರು ಕಿಲುಬು ಕಟ್ಟಿದ್ದರೂ ಹೀಗೇ ಆಗುತ್ತದೆ. ಕರೆಂಟ್ ಹರಿಯುವುದೇ ಕಮ್ಮಿ, ಆಗಲೂ ಹಸಿರು ದೀಪ ಬೇಗ ಬರುತ್ತದೆ. ಪಂಪ್ ಓಡುವಾಗ ಬ್ಯಾಟರಿ ಹತ್ತಿರ ಒಮ್ಮೆ, ಪಂಪ್ ಹತ್ತಿರ ಒಮ್ಮೆ ವೋಲ್ಟ್ ಮೀಟರ್ ಇಡಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವೈರು, ಪಿನ್ನು ನೋಡಿ.

ರಿಪೇರಿ ಅಂಗಡಿ: ಅದೂ ಸರಿ, ದೀಪ ನಂಬಿ ಏನೂ ಹೇಳಲಾಗದು. ಫುಲ್ ಚಾರ್ಜ್ ಮಾಡಿ ಒಂದೆರಡು ಗಂಟೆ ಬಿಟ್ಟು, 55 ವ್ಯಾಟ್ ಹೆಡ್‌ಲೈಟ್ ಬಲ್ಬನ್ನು ಬ್ಯಾಟರಿಗೇ ನೇರ ಕೊಡಿ. ಹೊಸ ಬ್ಯಾಟರಿಯಾದರೆ ಒಂದು ಗಂಟೆ ಉರಿಸಬೇಕು.

ತೋಟದ ಮನೆ: ಕಿಲುಬು ಇತ್ತು, ಉಪ್ಪುಕಾಗದದಲ್ಲಿ ಉಜ್ಜಿದೆ. ಆಮೇಲೆ ಚಾರ್ಜ್ ಮಾಡಿ ನೋಡಿದರೆ 12.6 ವೋಲ್ಟ್. ಬಲ್ಬ್ ಕೊಟ್ಟ ತಕ್ಷಣ 11.4. ಐದು ನಿಮಿಷಕ್ಕೆ 9.8, ಬಲ್ಬ್ ಕೆಂಪಗಾಯಿತು.

ರಿಪೇರಿ ಅಂಗಡಿ: ಹಾಗಾದರೆ ಬ್ಯಾಟರಿನೇ ಹೋಗಿದೆ.

ಬಯಲುಸೀಮೆ: ಲಿಥಿಯಂ ಹಾಕಿ, ಬೆನ್ನಿಗೂ ಹಗುರ.

ಕಾಳುಮೆಣಸು: ಹಾಕಲಿ, ಆದರೆ ಚಾರ್ಜರ್ ಸಮೇತ ಬದಲಿಸಲಿ. ಮೂರು ಸೆಲ್‌ನ ಲಿಥಿಯಂ ಅಯಾನ್ ಪ್ಯಾಕ್‌ಗೆ 12.6 ಮಿತಿ. ಹಳೇ ಚಾರ್ಜರ್ 14 ದಾಟಿಸುತ್ತದೆ.

ಬಯಲುಸೀಮೆ: ಒಳಗೆ ಓವರ್‌ಚಾರ್ಜ್ ತಡೆಯುವ ಬಿಎಂಎಸ್ ಸರ್ಕ್ಯೂಟ್ ಇರುತ್ತದಲ್ವಾ?

ಕಾಳುಮೆಣಸು: ಅಗ್ಗದ ಪ್ಯಾಕ್‌ನ ಬಿಎಂಎಸ್ ನಂಬಿ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ರಾತ್ರಿಯಿಡೀ ಚಾರ್ಜಿಗೆ ಹಾಕುತ್ತೀರಾ? ನಾನಂತೂ ಹಾಕಲ್ಲ.

ತೋಟದ ಮನೆ: ಲೆಡ್ ಆಸಿಡ್ಡೇ ತರುತ್ತೇನೆ, ಚಾರ್ಜರ್ ಇದೆಯಲ್ಲ. ಹಳೆಯದನ್ನು ವಾಪಸ್ ತಗೊಳ್ತಾರಾ?

ರಿಪೇರಿ ಅಂಗಡಿ: ತಗೊಳ್ತಾರೆ, ಸೀಸಕ್ಕೆ ಬೆಲೆ ಇದೆ. ಮೀಟರ್ ಜೇಬಲ್ಲಿಟ್ಟುಕೊಂಡು ಹೋಗಿ. ಅಂಗಡಿಯಲ್ಲೇ ಕೂತು ಕೆಟ್ಟ ಬ್ಯಾಟರಿನೂ ಇರುತ್ತದೆ. 12.5ಕ್ಕಿಂತ ಕಮ್ಮಿ ತೋರಿಸಿದರೆ ಬೇರೆ ಕೊಡಿ ಅನ್ನಿ.