ಫ್ರಿಜ್‌ನಲ್ಲಿ ಎರಡು ಕೆಗ್ ಇಡಬೇಕು: ರೆಗ್ಯುಲೇಟರ್, ಪೈಪ್, ಟ್ಯಾಪ್ ಹೇಗೆ ಆರಿಸುವುದು?

ಬಾರ್ಲಿತೆನೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮಾಡಿದ ಬಿಯರನ್ನು ಬಾಟಲಿಗೆ ತುಂಬುವುದನ್ನು ಬಿಟ್ಟು ಕೆಗ್‌ಗೆ (ಒತ್ತಡ ತಡೆಯುವ ಸ್ಟೀಲ್ ಪೀಪಾಯಿ) ಬರಬೇಕೆಂದಿದ್ದೇನೆ. ಒಂಟಿ ಬಾಗಿಲಿನ ಫ್ರಿಜ್ ಇದೆ. ಅದರೊಳಗೆ 19 ಲೀಟರಿನ ಎರಡು ಕೆಗ್ ಕೂರಬೇಕು, ಟ್ಯಾಪ್ ಹೊರಗೆ ಬರಬೇಕು. ಹೆಚ್ಚಾಗಿ ಪೇಲ್ ಏಲ್ ಮತ್ತು ಲಾಗರ್.

ಬಾಲ್ ಲಾಕ್ ತಗೊಳ್ಳಲೋ ಪಿನ್ ಲಾಕೋ (ಪೈಪ್ ಕೆಗ್‌ಗೆ ಕಚ್ಚಿಕೊಳ್ಳುವ ಎರಡು ಬಗೆ)? ಎರಡು ಕೆಗ್‌ಗೂ ಸೇರಿ ಒಂದೇ ರೆಗ್ಯುಲೇಟರ್ (ಸಿಲಿಂಡರಿನ ಗ್ಯಾಸಿನ ಒತ್ತಡ ಇಳಿಸುವ ಸಾಧನ) ಸಾಕೇ? ಬಿಯರ್ ಪೈಪ್ ಒಂದೂವರೆ ಮೀಟರ್ ಸಾಕು ಎನ್ನುವವರೂ ಇದ್ದಾರೆ, ಮೂರು ಮೀಟರ್ ಬೇಕೇ ಬೇಕು ಎನ್ನುವವರೂ ಇದ್ದಾರೆ, ಯಾರ ಮಾತು ಸರಿ? ಕ್ರೋಮ್ ಲೇಪದ ಟ್ಯಾಪ್ ಸ್ಟೀಲಿನದಕ್ಕಿಂತ ಬಹಳ ಅಗ್ಗ, ಅದರಲ್ಲಿ ಏನು ತೊಂದರೆ?

ನೊರೆಮೀಸೆ:
ಸಾಮಾನಿಗಿಂತ ಮೊದಲು ಎರಡು ಅಂಕಿ ತೀರ್ಮಾನ ಮಾಡಿಕೊಳ್ಳಿ: ಬಿಯರ್ ಎಷ್ಟು ತಂಪಿರಬೇಕು, ಅದರಲ್ಲಿ ಗ್ಯಾಸ್ (ಇಂಗಾಲದ ಡೈಆಕ್ಸೈಡ್) ಎಷ್ಟಿರಬೇಕು. ಪೇಲ್ ಏಲ್‌ಗೂ ಲಾಗರ್‌ಗೂ 2.5 ವಾಲ್ಯೂಮ್ (ಬಿಯರಿನ ಗಾತ್ರದ ಎರಡೂವರೆ ಪಟ್ಟು ಗ್ಯಾಸ್) ಚೆನ್ನಾಗಿ ಹೊಂದುತ್ತದೆ. ಬಿಯರ್ 4 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಅದಕ್ಕೆ ಸುಮಾರು 12 ಪಿಎಸ್‌ಐ (ಒತ್ತಡದ ಅಳತೆ) ಬೇಕು. ಅದೇ ಬಿಯರನ್ನು 10 ಡಿಗ್ರಿಯಲ್ಲಿ ಇಟ್ಟರೆ 17-18 ಪಿಎಸ್‌ಐ. ಪೈಪಿನ ಉದ್ದ ಹುಟ್ಟುವುದೇ ಈ ಒತ್ತಡದಿಂದ. ಹಾಗಾಗಿ ಆ ಇಬ್ಬರ ಮಾತೂ ಸರಿಯೇ, ಅವರ ಪೈಪಿನ ಒಳವ್ಯಾಸ ಬೇರೆ ಬೇರೆ, ಅಷ್ಟೆ.

ಕೆಗ್‌ನಲ್ಲಿ 12 ಪಿಎಸ್‌ಐ ಇದೆ, ಟ್ಯಾಪಿನ ಬಾಯಲ್ಲಿ ಸೊನ್ನೆ. ನಡುವಿನ ಒತ್ತಡವನ್ನೆಲ್ಲ ಪೈಪಿನ ಘರ್ಷಣೆ ನಿಧಾನವಾಗಿ ಕರಗಿಸಬೇಕು. ಪೈಪ್ ಗಿಡ್ಡವಾದರೆ ಬಿಯರ್ ರಭಸದಿಂದ ನುಗ್ಗಿ, ಟ್ಯಾಪ್ ಹತ್ತಿರ ಗ್ಯಾಸ್ ಒಮ್ಮೆಲೇ ಬಿಟ್ಟುಕೊಂಡು, ಲೋಟದ ತುಂಬ ನೊರೆಯೇ ಬರುತ್ತದೆ. ಒಳವ್ಯಾಸ 4.8 ಮಿ.ಮೀ. ಇರುವ ಮಾಮೂಲು ವಿನೈಲ್ ಪೈಪಿಗೆ 12 ಪಿಎಸ್‌ಐನಲ್ಲಿ ಸುಮಾರು 3 ಮೀಟರ್ ಬೇಕು. 4 ಮಿ.ಮೀ. ಒಳವ್ಯಾಸದ ಇವಿಎಬ್ಯಾರಿಯರ್ (ಆಮ್ಲಜನಕ ತಡೆಯುವ ಪದರವಿರುವ) ಪೈಪಿಗೆ ಸುಮಾರು 2 ಮೀಟರ್ ಸಾಕು. 6 ಮಿ.ಮೀ.ನದನ್ನು ಬಿಯರ್‌ಗೆ ಹಾಕಲೇಬೇಡಿ, ಅದು ಗ್ಯಾಸಿಗೆ ಸರಿ. ಟ್ಯಾಪ್ ಕೆಗ್‌ಗಿಂತ ಎತ್ತರದಲ್ಲಿದ್ದರೆ ಪ್ರತಿ 30 ಸೆಂ.ಮೀ.ಗೆ ಅರ್ಧ ಪಿಎಸ್‌ಐನಷ್ಟು ಒತ್ತಡ ಅಲ್ಲೇ ಕಳೆಯುತ್ತದೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೇಗಿದ್ದರೂ ಮೊದಲು ಲೆಕ್ಕಕ್ಕಿಂತ ಅರ್ಧ ಮೀಟರ್ ಹೆಚ್ಚೇ ಹಾಕಿ. ಬಿಯರ್ ತೀರಾ ನಿಧಾನ ಬಂದರೆ 10-15 ಸೆಂ.ಮೀ.ನಂತೆ ಕತ್ತರಿಸುತ್ತಾ ಬನ್ನಿ. ಗಿಡ್ಡವಾದ ಪೈಪನ್ನು ಬೆಳೆಸಲು ಆಗುವುದಿಲ್ಲ.

ಇವಿಎಬ್ಯಾರಿಯರನ್ನೇ ತಗೊಳ್ಳಿ ಎನ್ನುವುದು ನನ್ನ ಸಲಹೆ. ವಿನೈಲ್‌ನಲ್ಲಿ ಆಮ್ಲಜನಕ ನಿಧಾನವಾಗಿ ಒಳಗೆ ಸೇರುತ್ತದೆ. ಎರಡು ದಿನ ಟ್ಯಾಪ್ ತೆರೆಯದಿದ್ದರೆ ಮೊದಲ ಲೋಟದಲ್ಲೇ ಹಳಸಲು ರುಚಿ, ಜತೆಗೆ ಪ್ಲಾಸ್ಟಿಕ್ ವಾಸನೆ. ಆದರೆ ಇವಿಎ ಗಡಸು. ಮುಳ್ಳಿನಂಥ ಬಾರ್ಬ್ ಮೇಲೆ ಬಲವಂತವಾಗಿ ಏರಿಸಬೇಡಿ, 8 ಮಿ.ಮೀ. ಪುಶ್-ಫಿಟ್ (ಪೈಪನ್ನು ಒಳಕ್ಕೆ ಒತ್ತಿ ಸೇರಿಸುವ) ಜೋಡಣೆಯನ್ನೇ ಬಳಸಿ. ಪೈಪನ್ನು ಕತ್ತರಿಯಲ್ಲಿ ಕತ್ತರಿಸಿದರೆ ತುದಿ ಓರೆಯಾಗಿ ಒಳಗಿನ ಓ-ರಿಂಗ್ (ರಬ್ಬರ್ ಉಂಗುರ) ಮೇಲೆ ಸರಿಯಾಗಿ ಕೂರುವುದಿಲ್ಲ, ಪೈಪ್ ಕಟರ್ ಬೇಕು. ಪುಶ್-ಫಿಟ್ ಲೀಕ್‌ಗಳಲ್ಲಿ ಬಹುಪಾಲು ಈ ಓರೆ ತುದಿಯಿಂದಲೇ.

ತಂಪುಪೆಟ್ಟಿಗೆ:
ಪೈಪಿನ ಬಗ್ಗೆ ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಉಳಿದದ್ದಕ್ಕೆ ನಾನು ಹೇಳುತ್ತೇನೆ.

ಕೆಗ್: ಬಾಲ್ ಲಾಕ್. ವ್ಯಾಸ ಸುಮಾರು 22 ಸೆಂ.ಮೀ., ಎತ್ತರ 63ರ ಆಸುಪಾಸು. ಪಿನ್ ಲಾಕ್ ಸ್ವಲ್ಪ ಕುಳ್ಳು, ಸ್ವಲ್ಪ ದಪ್ಪ (ಸುಮಾರು 23 ಮತ್ತು 56). ಫ್ರಿಜ್‌ನ ಎತ್ತರ ಸಾಲದಿದ್ದರೆ ಮಾತ್ರ ಅದನ್ನು ನೋಡಿ. ಬಾಲ್ ಲಾಕ್ ಮುಚ್ಚಳದಲ್ಲಿ ಉಂಗುರ ಎಳೆದು ಒತ್ತಡ ಬಿಡುವ ವಾಲ್ವ್ ಇರುತ್ತದೆ, ಹಳೆಯ ಪಿನ್ ಲಾಕ್‌ಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಕೊಳ್ಳುವ ಮುಂಚೆ ರಟ್ಟಿನಲ್ಲಿ 22 ಸೆಂ.ಮೀ.ನ ಎರಡು ವೃತ್ತ ಕತ್ತರಿಸಿ ಫ್ರಿಜ್‌ನ ತಳದಲ್ಲಿಟ್ಟು ಬಾಗಿಲು ಮುಚ್ಚಿ ನೋಡಿ. ಹಿಂದೆ ಕಂಪ್ರೆಸರ್‌ಗಾಗಿ ಉಬ್ಬಿದ ಜಾಗ, ಬಾಗಿಲ ಒಳಗಿನ ಪ್ಲಾಸ್ಟಿಕ್ ಹಲಗೆ, ಇವೆರಡೂ ಲೆಕ್ಕ ತಪ್ಪಿಸುತ್ತವೆ. ಕೆಗ್ ಮೇಲೆ ಡಿಸ್‌ಕನೆಕ್ಟ್‌ಗೂ (ಪೈಪನ್ನು ಕೆಗ್‌ಗೆ ಸಿಕ್ಕಿಸುವ ತುಂಡು) ಪೈಪ್ ಬಾಗುವುದಕ್ಕೂ ಇನ್ನೂ 7-8 ಸೆಂ.ಮೀ. ಬಿಡಿ.

ರಂಧ್ರ ಬಾಗಿಲಿಗೇ ಕೊರೆಯಿರಿ. ಪಕ್ಕದ ಗೋಡೆಗಳಲ್ಲಿ ಶೀತಕದ ಕೊಳವೆ ಹಾದಿರಬಹುದು, ಒಂದು ತೂತಾದರೆ ಫ್ರಿಜ್ ಅಲ್ಲಿಗೆ ಮುಗಿಯಿತು. ಶ್ಯಾಂಕ್‌ಗೆ (ಬಾಗಿಲ ಮೂಲಕ ಹಾದು ಟ್ಯಾಪನ್ನು ಹಿಡಿಯುವ ಕೊಳವೆ) 22ರಿಂದ 25 ಮಿ.ಮೀ. ರಂಧ್ರ ಸಾಕು.

ರೆಗ್ಯುಲೇಟರ್: ಎರಡೂ ಬಿಯರ್ 12 ಪಿಎಸ್‌ಐನಲ್ಲೇ ಇರುವುದಾದರೆ ಒಂದೇ ರೆಗ್ಯುಲೇಟರ್, ಅದರ ಮುಂದೆ ಎರಡು ದಾರಿಯ ಮ್ಯಾನಿಫೋಲ್ಡ್. ಮ್ಯಾನಿಫೋಲ್ಡ್‌ನ ಪ್ರತಿ ದಾರಿಗೂ ಚೆಕ್ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ಕೆಗ್‌ನ ಒತ್ತಡ ಹೆಚ್ಚಿದ್ದಾಗ ಬಿಯರ್ ಗ್ಯಾಸ್ ಪೈಪಿನಲ್ಲಿ ಹಿಂದಕ್ಕೆ ಬಂದು ರೆಗ್ಯುಲೇಟರ್‌ನ ಡಯಾಫ್ರಾಂ ಹಾಳು ಮಾಡುತ್ತದೆ. ಒಂದರಲ್ಲಿ ಗೋಧಿ ಬಿಯರ್, ಇನ್ನೊಂದರಲ್ಲಿ ಸ್ಟೌಟ್ ಎಂದಾದರೆ ಎರಡು ಒತ್ತಡ ಬೇಕಾಗುತ್ತದೆ, ಆಗ ಸೆಕೆಂಡರಿ ರೆಗ್ಯುಲೇಟರ್ ಸೇರಿಸಿ. ಸಿಲಿಂಡರಿನ ಬಾಯಿಯ ತಿರುಪಿನ ಮರೆ (ಥ್ರೆಡ್) ದೇಶದಿಂದ ದೇಶಕ್ಕೆ ಬದಲು. ಅಮೆರಿಕದಲ್ಲಿ ಸಿಜಿಎ 320, ಯುರೋಪಿನ ಹಲವೆಡೆ ಡಬ್ಲ್ಯೂ 21.8. ಮೊದಲು ನಿಮಗೆ ಸಿಗುವ ಸಿಲಿಂಡರ್ ಯಾವುದೆಂದು ನೋಡಿಕೊಂಡು ಆಮೇಲೆ ರೆಗ್ಯುಲೇಟರ್ ತಗೊಳ್ಳಿ.

ಟ್ಯಾಪ್: ಸ್ಟೀಲ್, ಅದರಲ್ಲೂ ಮುಂದೆ ಮುಚ್ಚಿಕೊಳ್ಳುವ ಬಗೆಯದು. ಅಗ್ಗದ ಟ್ಯಾಪ್‌ಗಳು ಸಾಮಾನ್ಯವಾಗಿ ಹಿಂದೆ ಮುಚ್ಚಿಕೊಳ್ಳುವಂಥವು. ಸುರಿದು ಬಿಟ್ಟ ಮೇಲೆ ಒಳಗಿನ ಕೊಳವೆಯಲ್ಲಿ ಉಳಿದ ಬಿಯರ್‌ಗೆ ಗಾಳಿ ತಾಗಿ, ಒಣಗಿ, ಲಿವರ್ ಅಂಟಿಕೊಳ್ಳುತ್ತದೆ, ಬೂಸ್ಟು ಹಿಡಿಯುತ್ತದೆ. ಕ್ರೋಮ್ ಸವೆದರೆ ಒಳಗಿರುವುದು ಹಿತ್ತಾಳೆ. ಬಿಯರ್ ಹುಳಿ ದ್ರವ, ಲೋಹದ ರುಚಿ ಕೂಡಲೇ ಗೊತ್ತಾಗುತ್ತದೆ. ಶ್ಯಾಂಕ್‌ಗೂ ಇದೇ ಮಾತು. ಹಣ ಉಳಿಸಲೇಬೇಕಿದ್ದರೆ ಸದ್ಯಕ್ಕೆ ಪೈಪಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಿಕ್ನಿಕ್ ಟ್ಯಾಪ್ ಹಾಕಿ ನಡೆಸಿ, ಕ್ರೋಮ್ ಮಾತ್ರ ಬೇಡ.

ಡಿಸ್‌ಕನೆಕ್ಟ್: ಬೂದು ಬಣ್ಣದ್ದು ಗ್ಯಾಸಿಗೆ, ಕಪ್ಪು ಬಿಯರ್‌ಗೆ. ಬೂದಿನದನ್ನು ಬಿಯರ್ ಪೋಸ್ಟ್ (ಕೆಗ್ ಮೇಲಿನ ಮೂತಿ) ಮೇಲೆ ಒತ್ತಿದರೆ ಕಚ್ಚಿಕೊಂಡು ಬಿಡುತ್ತದೆ, ಬಿಡಿಸುವಷ್ಟರಲ್ಲಿ ಸಾಕಾಗುತ್ತದೆ. ಗ್ಯಾಸ್ ಪೋಸ್ಟ್‌ನ ಬುಡದ ಆರುಮೂಲೆಯ ಭಾಗದಲ್ಲಿ ಸಣ್ಣ ಕಚ್ಚು ಇರುತ್ತದೆ, ಬೆರಳಾಡಿಸಿ ಗುರುತಿಸಿ. ಪೈಪ್ ಕೂರುವಲ್ಲಿ ತಿರುಪಿನ ಮರೆಯಿರುವ ಎಂಎಫ್‌ಎಲ್ ಬಗೆಯನ್ನೇ ತಗೊಂಡರೆ ತೊಳೆಯಲು ಬಿಚ್ಚುವುದು ಸುಲಭ.

ಬಾರ್ಲಿತೆನೆ:
ತುಂಬಾ ಉಪಕಾರವಾಯಿತು, ಇಬ್ಬರಿಗೂ ಧನ್ಯವಾದ. ಹಾಗಾದರೆ ಇವಿಎ ಪೈಪ್, ಬಾಲ್ ಲಾಕ್, ಸ್ಟೀಲ್ ಟ್ಯಾಪ್. ಇನ್ನು 2.3 ಕೆ.ಜಿ.ಯ ಸಿಲಿಂಡರ್ ಎಷ್ಟು ಕೆಗ್‌ಗೆ ಬರುತ್ತದೆ? ಒತ್ತಡದ ಮೀಟರ್ ನೋಡಿದರೆ ಖಾಲಿಯಾಗುವುದು ಗೊತ್ತಾಗುತ್ತದೆಯೇ? ಫ್ರಿಜ್ ಒಳಗೇ ಇಡಬಹುದೇ?

ಗ್ಯಾಸ್‌ಗಡಿಗೆ:
ಮೀಟರ್ ನಂಬಬೇಡಿ. ಸಿಲಿಂಡರಿನಲ್ಲಿ ಇಂಗಾಲದ ಡೈಆಕ್ಸೈಡ್ ದ್ರವವಾಗಿದೆ. ಕೊನೆಯ ಹನಿ ದ್ರವ ಇರುವವರೆಗೂ ಒತ್ತಡ ಇಳಿಯುವುದಿಲ್ಲ, ಅದು ತಾಪಮಾನವನ್ನಷ್ಟೇ ಹಿಂಬಾಲಿಸುತ್ತದೆ: 21 ಡಿಗ್ರಿಯಲ್ಲಿ ಸುಮಾರು 840 ಪಿಎಸ್‌ಐ, ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿ ಸುಮಾರು 550. ಒಳಗಿಟ್ಟ ಮೇಲೆ ಮುಳ್ಳು ಇಳಿಯಿತೆಂದು ಲೀಕ್ ಹುಡುಕುತ್ತಾ ಕೂರಬೇಡಿ. ಮುಳ್ಳು ನಿಜವಾಗಿ ಬೀಳಲು ಶುರುವಾದಾಗ ಉಳಿದಿರುವುದು ಅಲ್ಪ. ತೂಕ ಮಾಡಿ ನೋಡುವುದೇ ದಾರಿ, ಖಾಲಿ ಸಿಲಿಂಡರಿನ ತೂಕ ಅದರ ಹೆಗಲ ಮೇಲೆ ಕೆತ್ತಿರುತ್ತದೆ.

19 ಲೀಟರ್ ಬಿಯರ್‌ಗೆ 2.5 ವಾಲ್ಯೂಮ್ ತುಂಬಲು ಸುಮಾರು 65 ಗ್ರಾಂ, ಅದನ್ನು ಪೂರ್ತಿ ಹೊರತಳ್ಳಲು ಇನ್ನೊಂದು 65 ಗ್ರಾಂ. ಗಾಳಿ ಹೊರಹಾಕುವ ಖರ್ಚು ಸೇರಿಸಿ 150 ಗ್ರಾಂ ಎಂದಿಟ್ಟುಕೊಳ್ಳಿ, ಹದಿನೈದು ಕೆಗ್ ಬರಬೇಕು. ಐದಾರಕ್ಕೇ ಮುಗಿದರೆ ಲೀಕ್ ಇದೆ ಎಂದೇ ಅರ್ಥ.

ಲೀಕ್ ಪರೀಕ್ಷೆ ಖಾಲಿ ಕೆಗ್‌ನಲ್ಲಿ ಮಾಡಿ. 30 ಪಿಎಸ್‌ಐ ಕೊಟ್ಟು ಮುಚ್ಚಳ ಕೂರಿಸಿ, ಸಿಲಿಂಡರ್ ವಾಲ್ವ್ ಮುಚ್ಚಿ, ರಾತ್ರಿಯಿಡೀ ಬಿಡಿ. ಬಿಯರ್ ತುಂಬಿದ್ದರೆ ಗ್ಯಾಸ್ ಅದರೊಳಗೆ ಕರಗುತ್ತಲೇ ಇರುತ್ತದೆ, ಲೀಕ್ ಇಲ್ಲದಿದ್ದರೂ ಮುಳ್ಳು ಇಳಿಯುತ್ತದೆ. ಪ್ರತಿ ಜೋಡಣೆಗೂ ಸೋಪಿನ ನೀರು ಸಿಂಪಡಿಸಿ. ಮುಚ್ಚಳದ ದೊಡ್ಡ ಓ-ರಿಂಗ್, ಪೋಸ್ಟ್‌ಗಳ ಓ-ರಿಂಗ್, ಸಿಲಿಂಡರ್-ರೆಗ್ಯುಲೇಟರ್ ನಡುವಿನ ವಾಷರ್, ಸೋರುವುದು ಹೆಚ್ಚಾಗಿ ಈ ಮೂರರಲ್ಲೇ. ಹಳೆಯ ಕೆಗ್ ಆದರೆ ಓ-ರಿಂಗ್ ಎಲ್ಲಾ ಬದಲಿಸಿ, ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ.

ಒಳಗೂ ಇಡಬಹುದು, ಹೊರಗೂ ಇಡಬಹುದು, ಆದರೆ ನೆಟ್ಟಗೆ ನಿಲ್ಲಿಸಿ ಕಟ್ಟಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಒಂದು ಮಾತು ದಯವಿಟ್ಟು ಮರೆಯಬೇಡಿ: 2.3 ಕೆ.ಜಿ. ಪೂರ್ತಿ ಸೋರಿದರೆ ಸುಮಾರು 1,200 ಲೀಟರ್ ಗ್ಯಾಸ್. 3 ಮೀಟರ್ ಉದ್ದಗಲದ ಮುಚ್ಚಿದ ಕೋಣೆಯಲ್ಲಿ ಅದು ಶೇ. 5ರ ಹತ್ತಿರ, ಶೇ. 4ಕ್ಕೇ ಜೀವಕ್ಕೆ ಅಪಾಯ. ಗಾಳಿಯಾಡುವ ಜಾಗದಲ್ಲಿಡಿ, ಮಲಗುವ ಕೋಣೆಯಲ್ಲಂತೂ ಬೇಡವೇ ಬೇಡ.

ನೊರೆಮೀಸೆ:
ಶುರು ಮಾಡಿದ ಮೇಲೆ ನೊರೆ ಬಂದರೆ ಕೂಡಲೇ ಒತ್ತಡ ಇಳಿಸಬೇಡಿ. ಇಳಿಸಿದರೆ ಪೈಪಿನೊಳಗೇ ಗ್ಯಾಸ್ ಬೇರ್ಪಟ್ಟು ಗುಳ್ಳೆಗಳ ಸಾಲು ನಿಲ್ಲುತ್ತದೆ, ನೊರೆ ಇನ್ನೂ ಹೆಚ್ಚುತ್ತದೆ. ಮೊದಲ ಲೋಟ ಮಾತ್ರ ನೊರೆಯಾದರೆ ಟ್ಯಾಪ್ ಬೆಚ್ಚಗಿದೆ, ಫ್ರಿಜ್ ಒಳಗೆ ಸಣ್ಣ ಫ್ಯಾನ್ ಇಟ್ಟು ಗಾಳಿಯನ್ನು ಶ್ಯಾಂಕ್ ಕಡೆ ತಿರುಗಿಸಿ. ಎಲ್ಲ ಲೋಟಗಳೂ ಹಾಗೇ ಆದರೆ ಪೈಪ್ ಗಿಡ್ಡ, ಇಲ್ಲವೇ ಬಿಯರ್‌ನಲ್ಲಿ ಗ್ಯಾಸ್ ಅತಿಯಾಗಿದೆ. ಬಿಯರ್ ಜತೆ ನಡುನಡುವೆ ಗುಳ್ಳೆ ಉಗುಳಿದಂತೆ ಬಂದರೆ ಬಿಯರ್ ಡಿಪ್ ಟ್ಯೂಬಿನ (ಕೆಗ್ ತಳದವರೆಗೆ ಇಳಿಯುವ ಕೊಳವೆ) ಓ-ರಿಂಗ್ ಹರಿದಿರಬಹುದು, ಮೇಲಿನ ಗ್ಯಾಸ್ ಅಲ್ಲಿಂದ ಪೈಪಿಗೆ ಸೇರುತ್ತಿರುತ್ತದೆ. ಟ್ಯಾಪನ್ನು ಯಾವಾಗಲೂ ಒಂದೇ ಎಳೆತಕ್ಕೆ ಪೂರ್ತಿ ತೆರೆಯಿರಿ, ಅರ್ಧ ತೆರೆದರೆ ನೊರೆ ಖಂಡಿತ.

ಎರಡು ವಾರಕ್ಕೊಮ್ಮೆ ಪೈಪಿಗೆ ಕ್ಷಾರದ ಕ್ಲೀನರ್ ಹಾಯಿಸಿ, ಚೆನ್ನಾಗಿ ನೀರು ಬಿಟ್ಟು, ಕೊನೆಗೆ ಸ್ಟಾರ್ ಸ್ಯಾನ್ (ಆಮ್ಲದ ಸ್ಯಾನಿಟೈಸರ್) ಹಾಯಿಸಿ, ಲೀಟರ್ ನೀರಿಗೆ ಸುಮಾರು 1.5 ಮಿ.ಲೀ. ಬ್ಲೀಚ್ ಮಾತ್ರ ಬೇಡ, ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಆಸಿಡ್ ಜತೆ ಸೇರಿದರೆ ವಿಷಗಾಳಿ ಏಳುತ್ತದೆ.