ಮೂವತ್ತು ವರ್ಷ ಬೀಡಿ ಕಟ್ಟಿದರೂ ಬಡತನ ಯಾಕೆ ಹೋಗಲಿಲ್ಲ?

ಪ್ರಶ್ನೆ (ಎಂಎ ವಿದ್ಯಾರ್ಥಿ):
ಅಸಂಘಟಿತ ಕೆಲಸದಿಂದಲೇ ಜನ ಬಡವರಾಗಿ ಉಳಿಯುತ್ತಾರೆ ಅಂತ ಕೆಲವರು ಹೇಳುತ್ತಾರೆ. ಅದೂ ಇಲ್ಲದಿದ್ದರೆ ಉಪವಾಸವೇ ಗತಿ ಅಂತ ಇನ್ನು ಕೆಲವರು. ಮನೆಯಲ್ಲೇ ಇದನ್ನು ಕಂಡವರು ಯಾರಾದರೂ ಇದ್ದರೆ ಹೇಳಿ.

ಉತ್ತರ (ಬಂಟ್ವಾಳದವಳು):
ಎರಡೂ ನಮ್ಮ ಮನೆಯಲ್ಲೇ ಇತ್ತು. ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದ್ದಾರೆ. ರಾತ್ರಿಯೇ ಎಲೆ ನೆನೆಸಬೇಕು. ಬೆಳಿಗ್ಗೆ ತಗಡಿನ ಅಚ್ಚಿಟ್ಟು ಕತ್ತರಿಸಬೇಕು. ಆಮೇಲೆ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಕೂತರೆ, ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿಗೆ ಹೋಗುವ ಹೊತ್ತಿಗೇ ಏಳುವುದು. ನನ್ನ ಕಾಲೇಜ್ ಫೀಸು, ಮಾಡಿನ ಹಂಚು ಎಲ್ಲ ಆ ತಡ್ಪೆಯಿಂದಲೇ ಬಂತು. ಆ ಕೆಲಸವನ್ನು ನಾನು ಯಾವತ್ತೂ ಹಳಿಯುವುದಿಲ್ಲ.

ಆದರೆ ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಜ್ವರ ಬಂದ ದಿನ ಸೊನ್ನೆ. ಎಲೆ ತೂತು ಬಿದ್ದಿದ್ದರೂ ಬ್ರಾಂಚಿನವರಿಗೆ ಲೆಕ್ಕದ ಬೀಡಿ ಬೇಕೇ ಬೇಕು. ಕಡಿಮೆ ಬಿದ್ದ ಎಲೆಯನ್ನು ಅಮ್ಮ ಕೈಯಿಂದ ದುಡ್ಡು ಹಾಕಿ ತರುತ್ತಿದ್ದರು.

ಇದಕ್ಕಿಂತ ಜಾಸ್ತಿ ನೋವು ಪುಸ್ತಕದ್ದು, ಅಂದರೆ ಬ್ರಾಂಚಿನವರು ಬೀಡಿಯ ಲೆಕ್ಕ ಬರೆಯುವ ಪುಸ್ತಕ. ಅದು ಯಾರ ಹೆಸರಲ್ಲಿದೆಯೋ ಪಿಎಫ್ ಅವರಿಗೇ. ಬೀಡಿ ಉದ್ಯಮಕ್ಕೆ 1977ರಿಂದಲೇ ಪಿಎಫ್ ಇದೆ. ಮನೆಯಲ್ಲಿ ಕೂತು ಕಟ್ಟುವವರಿಗೂ ಅದು ಸಲ್ಲುತ್ತದೆ ಅಂತ 1985ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪಕ್ಕದ ಮನೆಯ ಅಕ್ಕನಿಗೆ ಸ್ವಂತ ಪುಸ್ತಕ ಇತ್ತು, ಈಗ ತಿಂಗಳು ತಿಂಗಳು ಪಿಂಚಣಿ ಬರುತ್ತದೆ. ಅಮ್ಮ ಮೊದಲು ಕಟ್ಟಿದ್ದು ಅತ್ತೆಯ ಪುಸ್ತಕಕ್ಕೆ, ಆಮೇಲೆ ಓರಗಿತ್ತಿಯ ಪುಸ್ತಕಕ್ಕೆ. ಹೊಸದು ಕೇಳಿದಾಗಲೆಲ್ಲ "ಈಗ ಇಲ್ಲ, ಮುಂದೆ ನೋಡುವ." ಅಮ್ಮನದೂ ಪಕ್ಕದ ಮನೆಯ ಅಕ್ಕನದೂ ಒಂದೇ ಕೆಲಸ, ಒಂದೇ ಎಲೆ. ನೀವು ಸರ್ವೆಗೆ ಹೋದರೆ ಕೂಲಿ ಎಷ್ಟು ಅಂತ ಕೇಳುವ ಮೊದಲು ಪುಸ್ತಕ ಯಾರ ಹೆಸರಲ್ಲಿದೆ ಅಂತ ಕೇಳಿ.

ಉತ್ತರ (ಬೆಂಗಳೂರಿನಿಂದ):
ಇದು ನಿಜ. ಅಪ್ಪನದು ತರಕಾರಿ ತಳ್ಳುಗಾಡಿ. ಬೆಳಗಿನ ಜಾವ ಬಡ್ಡಿ ಸಾಲದವನಿಂದ 900 ಕೈಗೆ ಬರುತ್ತಿತ್ತು, ರಾತ್ರಿ ಅವನಿಗೆ 1,000 ಕೊಡಬೇಕಿತ್ತು. ಮಾರಿದ್ದರಲ್ಲಿ ಲಾಭ ಇತ್ತು, ಮನೆಗೆ ಬರುತ್ತಿರಲಿಲ್ಲ ಅಷ್ಟೇ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸರ್ಕಾರದ ಸಾಲ ಯೋಜನೆ ಪಿಎಂ ಸ್ವನಿಧಿ ಬಂತು, ಆಗ ಮೊದಲ ಸಾಲ 10,000. ವ್ಯಾಪಾರಿ ಗುರುತಿನ ಚೀಟಿ ಇದ್ದಿದ್ದಕ್ಕೆ ಅಪ್ಪನಿಗೆ ಸಿಕ್ಕಿತು. ಪಕ್ಕದ ಗಾಡಿಯವರ ಹತ್ತಿರ ಚೀಟಿ ಇರಲಿಲ್ಲ. ಅವರು ಇನ್ನೂ ಆ ದಿನಬಡ್ಡಿಯಲ್ಲೇ ಇದ್ದಾರೆ.

ಪ್ರಶ್ನೆ ಕೇಳಿದವರು:
ಅಮ್ಮ ಈಗ ಕಟ್ಟುವುದು ಬಿಟ್ಟಿದ್ದಾರಾ?

ಬಂಟ್ವಾಳದವಳು:
ಇಲ್ಲ. ವಯಸ್ಸು 63. ಹೊಗೆಸೊಪ್ಪಿನ ಧೂಳಿಗೆ ಕೆಮ್ಮು ಬಿಡುವುದಿಲ್ಲ. ಆದರೂ ದಿನಕ್ಕೆ ಮುನ್ನೂರು ಕಟ್ಟುತ್ತಾರೆ. ಈಗ ನನ್ನ ಅತ್ತಿಗೆಯ ಪುಸ್ತಕಕ್ಕೆ.