‘ನೋ ಕ್ಯಾಪ್’ ಅಂದ್ರೆ ಎಂತ ಮಾರಾಯ್ರೆ?

ಕಂಕನಾಡಿಯ ಅಪ್ಪ:
ಮಗಳು ಪಿಯುಸಿ. ಮೊನ್ನೆ ವಾಟ್ಸಾಪ್‌ನಲ್ಲಿ ‘ಕೆಮಿಸ್ಟ್ರಿ ಟೆಸ್ಟಲ್ಲಿ 40ಕ್ಕೆ 38, ನೋ ಕ್ಯಾಪ್’ ಅಂತ ಬರೆದಳು. ಕಾಲೇಜಲ್ಲಿ ಟೋಪಿ ಹಾಕಬಾರದು ಅಂತ ಹೊಸ ರೂಲ್ಸ್ ಬಂದಿರಬೇಕು ಅಂದುಕೊಂಡೆ. ಸಂಜೆ ಎಲ್ಲಿದ್ದೀರಿ ಅಂತ ಕೇಳಿದಳು. ‘ಬಸ್ ಹತ್ತಿ ಆಯ್ತು, ಹತ್ತು ನಿಮಿಷದಲ್ಲಿ ಮನೆ’ ಅಂದೆ. ಅದರ ಕೆಳಗೆ ಒಂದು ನೀಲಿ ಟೋಪಿಯ ಚಿತ್ರ ಒತ್ತಿದಳು. ಓಹೋ, ಟೋಪಿ ಬೇಕಂತೆ! ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡ್ ಹತ್ತಿರ ಚೌಕಾಸಿ ಮಾಡಿ, 120 ರೂಪಾಯಿ ಕೊಟ್ಟು ನೀಲಿಯದ್ದೇ ತಂದೆ. ನೋಡಿದವಳು ಬಿದ್ದು ಬಿದ್ದು ನಕ್ಕಳು. ಯಾಕೆ ಅಂತ ಹೇಳಲೇ ಇಲ್ಲ.

ಮಣಿಪಾಲದ ಹಾಸ್ಟೆಲಿಗ:
ಅಂಕಲ್, ಕ್ಯಾಪ್ ಅಂದ್ರೆ ಸುಳ್ಳು. ‘ನೋ ಕ್ಯಾಪ್’ ಅಂದ್ರೆ ಸುಳ್ಳಲ್ಲ, ನಿಜವಾಗಿ. ಮಾತಿನ ಕೊನೆಗೆ ಸೇರಿಸುತ್ತೇವೆ. ಯಾರಾದರೂ ಜಾಸ್ತಿ ಬಿಟ್ಟರೆ ‘ಅದು ಕ್ಯಾಪ್’ ಅಂತೇವೆ, ಇಲ್ಲ ಸುಮ್ನೆ ನೀಲಿ ಟೋಪಿ ಒತ್ತುತ್ತೇವೆ. ಇದು ಅಮೆರಿಕದ ಕಪ್ಪು ಜನರ ಆಡುಮಾತು. ಮಾತಲ್ಲಿ ಇನ್ನೊಬ್ಬನನ್ನು ಮೀರಿಸುವುದು, ಜಂಬ ಕೊಚ್ಚುವುದು ಅಂತ ಹಳೆಯ ಅರ್ಥವೂ ಉಂಟು. 2017ರ ಸುಮಾರಿಗೆ ಅಟ್ಲಾಂಟಾದ ರ‍್ಯಾಪ್ ಹಾಡುಗಳಲ್ಲಿ ಕೇಳಿ ಕೇಳಿ ಎಲ್ಲರ ಬಾಯಿಗೂ ಬಂತು. ಲೆಕ್ಚರರ್‌ಗೆ ಬರೆಯುವ ಲೀವ್ ಲೆಟರಲ್ಲಿ ಮಾತ್ರ ಬೇಡ.

ಪುತ್ತೂರು ಭಟ್ರು:
ನಮ್ಮಲ್ಲೂ ‘ಟೋಪಿ ಹಾಕಿದ’ ಅಂತೇವಲ್ಲ, ಅದೇ ಅಲ್ವಾ?

ಮಣಿಪಾಲದ ಹಾಸ್ಟೆಲಿಗ:
ಅಲ್ಲ. ಟೋಪಿ ಹಾಕಿದರೆ ಯಾರದ್ದಾದರೂ ದುಡ್ಡು ಹೋಗುತ್ತದೆ. ಕ್ಯಾಪಲ್ಲಿ ಅಂಥ ನಷ್ಟ ಇಲ್ಲ, ಬರೀ ಬಾಯಿಮಾತು.

ಮಲ್ಪೆ ಅಕ್ಕ:
ಹಾಗಾದರೆ ಬಂಡಲ್! ಅಷ್ಟು ದೂರದಿಂದ ಯಾಕೆ ತರಬೇಕು? ‘ಬಂಡಲ್ ಬಿಡಬೇಡ’ ಅಂತ ನಾವು ಶಾಲೆಗೆ ಹೋಗುವಾಗಲೇ ಹೇಳುತ್ತಿದ್ದೆವು. ತುಳುವಲ್ಲಾದರೆ ಲೊಟ್ಟೆ. ‘40ಕ್ಕೆ 38, ಲೊಟ್ಟೆ ಅಲ್ಲ’ ಅಂದಿದ್ದರೆ ನಿಮ್ಮ 120 ರೂಪಾಯಿ ಉಳಿಯುತ್ತಿತ್ತು.
ಅದಿರಲಿ, ಬಸ್ ಹತ್ತಿ ಆಯ್ತು ಅಂದವರು ಸ್ಟೇಟ್‌ಬ್ಯಾಂಕಲ್ಲಿ ಚೌಕಾಸಿ ಮಾಡಿದ್ದು ಹೇಗೆ? ಮಗಳು ಸರಿಯಾಗಿಯೇ ಒತ್ತಿದ್ದಾಳೆ.

ಕಂಕನಾಡಿಯ ಅಪ್ಪ:
ಸಿಕ್ಕಿಬಿದ್ದೆ ಅಕ್ಕ. ಆಗ ಹೋಟೆಲಲ್ಲಿದ್ದೆ. ಗೋಳಿಬಜೆ ಆಗಷ್ಟೇ ಎಣ್ಣೆಯಿಂದ ತೆಗೆದಿದ್ದರು, ಬಿಟ್ಟು ಬರುವುದು ಹೇಗೆ? ಎರಡು ಪ್ಲೇಟ್ ತಿಂದೆ. ಮನೆಯಲ್ಲಿ ಒಂದೇ ಅಂತ ಹೇಳಿದ್ದೇನೆ.